ಪಟ್ಟಿಯಲ್ಲಿದ್ದ ಹೆಸರನ್ನೇ ಹುಡುಕಿಕೊಂಡು

2024ರ ಮೇ 7ಕ್ಕೆ ಉತ್ತರ ಕರ್ನಾಟಕದ ಕ್ಷೇತ್ರಗಳಲ್ಲಿ ಲೋಕಸಭೆಯ ಮತದಾನ ಮುಗಿಯಿತು. ಮರುದಿನ ಬೆಳಿಗ್ಗೆಯೇ ನಾನು ಮತದಾನೋತ್ತರ ಸಮೀಕ್ಷೆಗೆ, ಅಂದರೆ ಮತದಾರರನ್ನು ಅವರ ಮನೆಯಲ್ಲೇ ಕಂಡು ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ, ಕೊಪ್ಪಳ ಕ್ಷೇತ್ರದ ಒಂದು ಹಳ್ಳಿಯಲ್ಲಿ ಬಸ್ಸಿಳಿದೆ. ಹೆಗಲ ಚೀಲದಲ್ಲಿ ಪ್ರಶ್ನಾವಳಿಯ ಕಟ್ಟು, ಮಾದರಿ ಮತಪತ್ರಗಳು, ಬೀಗ ಹಾಕಿದ ಡಬ್ಬಿ, ಮತದಾರರ ಪಟ್ಟಿಯ ಒಂದು ಭಾಗ. ಎಣಿಕೆ ಜೂನ್ 4ಕ್ಕಿತ್ತು. ನಮ್ಮ ಕೆಲಸ ಅದಕ್ಕೂ ಬಹಳ ಮೊದಲೇ ಮುಗಿಯಬೇಕು. ಫಲಿತಾಂಶ ಬಂದ ಮೇಲೆ ಕೇಳಿದರೆ ಸೋತವರಿಗೆ ವೋಟು ಹಾಕಿದ್ದನ್ನು ಎಷ್ಟೋ ಜನ ಮರೆತುಬಿಡುತ್ತಾರೆ.

ಹೆಸರು ಆರಿಸುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಆ ಭಾಗದಲ್ಲಿ 960 ಮತದಾರರು, ನನಗೆ ಬೇಕಾದದ್ದು 24 ಜನ. ಭಾಗಿಸಿದರೆ 40. ಎಲ್ಲಿಂದ ಶುರು ಮಾಡಬೇಕೆಂದು 1ರಿಂದ 40ರೊಳಗಿನ ಚೀಟಿ ಎತ್ತಿದಾಗ 17 ಬಂತು. ಹಾಗಾಗಿ ಅಲ್ಲಿಂದ ನಲವತ್ತು ನಲವತ್ತು ಕೂಡಿಸುತ್ತ ಕ್ರಮ ಸಂಖ್ಯೆ 17, 57, 97, ಹೀಗೇ ಕೊನೆಯವರೆಗೆ. 57ನೆಯವರು ಸಿಗಲಿಲ್ಲವೆಂದು 58ನೆಯವರನ್ನು ಕೇಳುವ ಹಾಗಿಲ್ಲ. ಮೂರು ಸಲ ಹೋಗಬೇಕು, ಆಗಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ಬರೆಯಬೇಕು. ನಡು ಮಧ್ಯಾಹ್ನದ ಬಿಸಿಲಲ್ಲಿ ಇದು ಹಟ ಅನ್ನಿಸಿದ್ದುಂಟು. ಆದರೆ ಕಟ್ಟೆಯ ಮೇಲೆ ಕೂತು ತಾವಾಗಿಯೇ ಮಾತಿಗೆ ಬರುವವರು ಬಹುತೇಕ ಯಾವುದಾದರೂ ಪಕ್ಷಕ್ಕೆ ಓಡಾಡಿದವರು. ಹೊಲಕ್ಕೆ ಹೋದ ಹೆಣ್ಣುಮಗಳು ಕತ್ತಲಾದ ಮೇಲೇ ಸಿಗುತ್ತಾಳೆ. ಅವಳಿಗಾಗಿ ಕಾಯದಿದ್ದರೆ ನಾವು ಬರೆದುಕೊಂಡು ಬರುವುದು ಕಟ್ಟೆಯ ಅಭಿಪ್ರಾಯ ಮಾತ್ರ. ನನ್ನ ಪಟ್ಟಿಯ ನಾಲ್ವರು ದುಡಿಯಲು ಬೆಂಗಳೂರಿಗೂ ಗೋವಾಕ್ಕೂ ಹೋಗಿದ್ದರು. ಅವರನ್ನು ಬಿಟ್ಟೇ ಬರಬೇಕಾಯಿತು.

ಮೊದಲ ದಿನ ಒಂದು ತಪ್ಪು ಮಾಡಿದೆ. ಕೇಂದ್ರ ಸರ್ಕಾರದ 'ಕಾರ್ಯವೈಖರಿ ನಿಮಗೆ ತೃಪ್ತಿ ತಂದಿದೆಯೇ, ಇಲ್ಲವೇ' ಎಂಬ ಪ್ರಶ್ನೆ ಇತ್ತು. ಅಜ್ಜಿಯೊಬ್ಬರಿಗೆ ಆ ಮಾತು ತಿಳಿಯಲಿಲ್ಲ. ಸಹಾಯ ಮಾಡಲು ಹೋಗಿ ನಾನು, "ಚಲೋ ಕೆಲಸ ಮಾಡ್ಯಾರೇನ್ರಿ ಯವ್ವಾ?" ಅಂದೆ. "ಹೂಂ, ಚಲೋ ಮಾಡ್ಯಾರ" ಅಂದರು. ಮುಂದಿನ ಮನೆಯಲ್ಲೂ ಹಾಗೆಯೇ ಕೇಳಿದೆ, ಅಲ್ಲಿಯೂ 'ಹೂಂ'. ಸಂಜೆ ನಮ್ಮ ಮೇಲ್ವಿಚಾರಕರು ಹಾಳೆ ತಿರುವುತ್ತ, "ಏನಂತ ಕೇಳಿದಿ?" ಎಂದು ವಿಚಾರಿಸಿದರು. ಹೇಳಿದೆ. 'ಚಲೋ' ಎಂಬ ಪದವನ್ನು ನಾನೇ ಅವರ ಬಾಯಿಗೆ ಇಟ್ಟಿದ್ದೆ. ಆ ಎರಡು ಹಾಳೆಗಳನ್ನು ಲೆಕ್ಕದಿಂದ ತೆಗೆದರು. ಅವತ್ತಿನಿಂದ ಪ್ರಶ್ನೆ ತಿಳಿಯದಿದ್ದರೆ ಅದನ್ನೇ ನಿಧಾನವಾಗಿ ಇನ್ನೊಮ್ಮೆ ಓದಿದೆ. ಆಗಲೂ ತಿಳಿಯದಿದ್ದರೆ 'ಗೊತ್ತಿಲ್ಲ' ಎಂದು ಗುರುತು ಹಾಕಿದೆ. ಅದೂ ಉತ್ತರವೇ.

ಬಾಗಿಲಲ್ಲಿ ನಿಂತರೆ ಮೊದಲು ಬರುತ್ತಿದ್ದದ್ದು ಭಯ. "ಗೃಹಲಕ್ಷ್ಮಿ ರೊಕ್ಕ ನಿಂದ್ರಸಾಕ ಬಂದೀರೇನ್ರಿ?" ಎಂದು ನಾಲ್ಕೈದು ಮನೆಗಳಲ್ಲಿ ಕೇಳಿದರು. ತಿಂಗಳಿಗೆ 2000 ರೂಪಾಯಿ ಕೈಗೆ ಬರುವ ಮನೆಯಲ್ಲಿ ಪಟ್ಟಿ ಹಿಡಿದು ಬಂದವರನ್ನು ಹಾಗೆ ನೋಡುವುದು ಸಹಜ. ನಾನು ಕೂತು, ನೀರು ಕುಡಿದು, ಸರ್ಕಾರದವಳೂ ಅಲ್ಲ ಪಾರ್ಟಿಯವಳೂ ಅಲ್ಲ, ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ ಎಂದು ಹೇಳಿದ ಮೇಲೆಯೇ ಹಾಳೆ ತೆಗೆಯುತ್ತಿದ್ದೆ.

ಯಾರಿಗೆ ವೋಟು ಹಾಕಿದಿರಿ ಎಂದು ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ. ಚಿಹ್ನೆಗಳಿರುವ ಮಾದರಿ ಮತಪತ್ರ ಕೊಡುತ್ತೇವೆ. ಅವರೇ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿಯ ಬೆಲೆ ನನಗೆ ತಿಳಿದದ್ದು ಕ್ರಮ ಸಂಖ್ಯೆ 337ರ ಮನೆಯಲ್ಲಿ. ಪಟ್ಟಿಯಲ್ಲಿದ್ದದ್ದು ಹೆಂಡತಿಯ ಹೆಸರು. ಗಂಡ ಹೊರಸಿನ ಮೇಲೆ ಕೂತು, "ಅಕಿಗೇನ್ ಕೇಳ್ತೀರಿ? ನಾ ಹಾಕಿದ್ದಕ್ಕ ಅಕಿನೂ ಹಾಕ್ಯಾಳ. ನಂದ ಬರಕೋರಿ" ಅಂದರು. "ಅಣ್ಣಾರ, ನಿಮ್ಮ ಹೆಸರು ಚೀಟಿಯೊಳಗ ಬಂದಿಲ್ರಿ, ಅಕ್ಕಾರದು ಬಂದೈತಿ" ಎಂದೆ. ಅವರು ನಕ್ಕು ಸುಮ್ಮನಾದರು. ಆಕೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಪೆನ್ನು ತೆಗೆದುಕೊಂಡರು. ತೋರುಬೆರಳಿನ ಶಾಯಿ ಇನ್ನೂ ಕಪ್ಪಗಿತ್ತು. ಮತಪತ್ರ ಹಿಡಿದು ಪಡಸಾಲೆಯ ಮೂಲೆಗೆ ಹೋಗಿ, ಗಂಡನಿಗೆ ಬೆನ್ನು ಮಾಡಿ ನಿಂತರು. ಸ್ವಲ್ಪ ಹೊತ್ತು ಹಿಡಿಯಿತು. ಮಡಚಿದ ಚೀಟಿಯನ್ನು ಮತ್ತೊಂದು ಸಲ ಮಡಚಿ, ಡಬ್ಬಿಯ ಸೀಳಿನೊಳಗೆ ಬೆರಳಿನಿಂದ ತಳ್ಳಿ, ಅದು ಕೆಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದರು.

ಹೊರಡುವಾಗ ಹೊಸ್ತಿಲವರೆಗೆ ಬಂದು, ದನಿ ತಗ್ಗಿಸಿ, "ಇದಕ್ಕ ಕೀಲಿ ಐತಿ ಹೌದಲ್ರಿ?" ಎಂದು ಕೇಳಿದರು. ಬೀಗ ಜಗ್ಗಿ ತೋರಿಸಿದೆ.