ವಿಂಡೋಸ್ ಅಪ್ಡೇಟ್ ಫೇಲ್ ಆಗ್ತಿದ್ಯಾ? ಮೊದ್ಲು ತಾರೀಕು ನೋಡಿ

ಮೊದ್ಲು ಆ ರಿಟ್ರೈ ಬಟನ್ ಒತ್ತೋದು ಬಿಡಿ. ಹತ್ತು ಸಲ ಒತ್ತಿದ್ರೂ ಅದೇ ಡೌನ್‌ಲೋಡ್, ಅದೇ ರೀಸ್ಟಾರ್ಟ್, ಕೊನೆಗೆ ಅದೇ ಎರರ್. ಎರರ್ ಜೊತೆ ಒಂದು ಕೋಡ್ ಇರತ್ತೆ, ಸೊನ್ನೆ ಎಕ್ಸ್ ಅಂತ ಶುರುವಾಗಿ ಆಮೇಲೆ ಎಂಟು ಅಂಕಿ-ಅಕ್ಷರ, ಅದನ್ನ ಫೋನಲ್ಲಿ ಫೋಟೋ ತೆಕ್ಕೊಳ್ಳಿ. ಸೆಟಿಂಗ್ಸಲ್ಲಿ ವಿಂಡೋಸ್ ಅಪ್ಡೇಟ್ ಒಳಗೆ ಅಪ್ಡೇಟ್ ಹಿಸ್ಟರಿ ತೆಗೆದ್ರೆ ಯಾವುದು ಫೇಲ್ ಆಗಿದೆ ಅನ್ನೋದರ ಕೆಬಿ ನಂಬರೂ, ಅಂದ್ರೆ ಮೈಕ್ರೋಸಾಫ್ಟ್ ಆ ಅಪ್ಡೇಟಿಗೆ ಕೊಟ್ಟಿರೋ ನಂಬರೂ, ಸಿಗತ್ತೆ. ಇವೆರಡು ಇಲ್ದೆ ರಿಪೇರಿಗೆ ಇಳಿಯೋದು ಜ್ವರಾನೋ ಹೊಟ್ಟೆನೋವೋ ಗೊತ್ತಿಲ್ದೆ ಮಾತ್ರೆ ನುಂಗಿದ ಹಾಗೆ.

ನಮ್ಮ ಸೋದರಮಾವಂದು ಶಿವಮೊಗ್ಗದಲ್ಲಿ ಹಳೇ ಡೆಸ್ಕ್‌ಟಾಪ್ ಒಂದಿದೆ. ಒಂದಿನ ಫೋನ್ ಮಾಡಿ "ಎರಡು ತಿಂಗಳಾಯ್ತು ಕಣೋ ಅಪ್ಡೇಟೇ ಆಗ್ತಿಲ್ಲ, ಬ್ಯಾಂಕ್ ವೆಬ್‌ಸೈಟೂ ತೆಗಿಯಲ್ಲ ಅಂತಿದೆ" ಅಂದ್ರು. ಕೋಡ್ ಓದಿ ಅಂದೆ, 80072ಎಫ್8ಎಫ್. "ಮಾವ, ಕೆಳಗಡೆ ಬಲಗಡೆ ಮೂಲೇಲಿ ತಾರೀಕು ಎಷ್ಟಿದೆ?" "2012 ಜನವರಿ ಅಂತಿದೆ, ಅದು ದಿನಾ ಬೆಳಗ್ಗೆ ಹಂಗೇ ಬರತ್ತೆ, ನಾನು ತಲೆ ಕೆಡಿಸ್ಕೊಂಡಿಲ್ಲ."

ಅಲ್ಲೇ ಇತ್ತು ಎಲ್ಲಾ. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರತ್ತೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿಂದು, ಕರೆಂಟ್ ಇಲ್ದಾಗ ಗಡಿಯಾರ ಓಡಿಸೋದು ಅದೇ. ಮಾವ ರಾತ್ರಿ ಮಲಗೋಕೆ ಮುಂಚೆ ಗೋಡೆ ಸ್ವಿಚ್ಚೂ ಆಫ್ ಮಾಡೋ ಜನ, ಸೆಲ್ ಬೇರೆ ಸತ್ತಿತ್ತು, ಹಾಗಾಗಿ ಪ್ರತಿ ಬೆಳಗ್ಗೆ ಕಂಪ್ಯೂಟರ್ 2012ಕ್ಕೆ ಎದ್ದೇಳ್ತಿತ್ತು. ಸರ್ವರ್ ತನ್ನ ಗುರುತಿಗೆ ಕೊಡೋ ಸರ್ಟಿಫಿಕೇಟಲ್ಲಿ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಇರತ್ತಲ್ಲ, 2012ರಲ್ಲಿ ಕೂತಿರೋ ಕಂಪ್ಯೂಟರ್‌ಗೆ ಅದು ಇನ್ನೂ ಹುಟ್ಟೇ ಇಲ್ಲ, ನಂಬಲ್ಲ, ಕನೆಕ್ಷನ್ ಕಟ್. ಬ್ಯಾಂಕ್ ಸೈಟಿಗೂ ಅದೇ ಗತಿ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಡಬ್ಬ ಬಿಚ್ಚಿ, ಪಕ್ಕದ ಪುಟ್ಟ ಕ್ಲಿಪ್ ಒತ್ತಿದ್ರೆ ಸೆಲ್ ಮೇಲಕ್ಕೆ ಏಳತ್ತೆ, ಹೊಸದನ್ನ ಪ್ಲಸ್ ಗುರುತು ಮೇಲೆ ಬರೋ ಹಾಗೆ ಕೂರ್ಸಿ. ಆಮೇಲೆ ಸೆಟಿಂಗ್ಸಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್ ಒಳಗೆ ಸಿಂಕ್ ನೌ ಒತ್ತಿ, ಮುಗೀತು.

ಮಾವನಿಗೆ ಅದಕ್ಕೂ ಮುಂಚೆ ಒಬ್ಬ ರಿಪೇರಿಯವ್ರು "ಅಪ್ಡೇಟನ್ನೇ ಆಫ್ ಮಾಡ್ಬಿಡಿ ಸಾರ್, ತಲೆನೋವೇ ಇರಲ್ಲ" ಅಂದಿದ್ರಂತೆ. ದಯವಿಟ್ಟು ಬೇಡ. ಫೈಲ್‌ಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹಬ್ಬಿದ್ದು 2017ರ ಮೇ ತಿಂಗಳಲ್ಲಿ, ಅದನ್ನ ತಡೆಯೋ ಪ್ಯಾಚ್ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಳ್ಳದೇ ಇದ್ದವ್ರೇ ಸಿಕ್ಕಿಬಿದ್ದಿದ್ದು.

ತಾರೀಕು ಸರಿ ಇದ್ರೆ ಮುಂದಿನ ಅನುಮಾನ ಜಾಗದ ಮೇಲೆ. ಕೋಡ್ 80070070 ಅಂದ್ರೆ ಡಿಸ್ಕಲ್ಲಿ ಜಾಗ ಸಾಲ್ತಿಲ್ಲ ಅಂತ, ಸಾಮಾನ್ಯವಾಗಿ ಸಿ ಡ್ರೈವ್ ತುಂಬಿರತ್ತೆ. ಸೆಟಿಂಗ್ಸಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಅಂತ ಹೋಗಿ ಕ್ಲೀನ್ ಮಾಡಿ, ಆದ್ರೆ ಆ ಲಿಸ್ಟಲ್ಲಿ ಡೌನ್‌ಲೋಡ್ಸ್ ಅಂತಾನೂ ಒಂದಿರತ್ತೆ, ಅದಕ್ಕೆ ಟಿಕ್ ಹಾಕಿದ್ರೆ ಮಗಳ ಮಾರ್ಕ್ಸ್ ಕಾರ್ಡ್ ಪಿಡಿಎಫ್ ಕೂಡ ಹೋಗತ್ತೆ, ಹುಷಾರು. ಫೋನ್ ಹಾಟ್‌ಸ್ಪಾಟಲ್ಲಿ ಇದ್ರೆ ಆ ಕನೆಕ್ಷನ್ ಮೀಟರ್ಡ್ (ಡೇಟಾ ಲೆಕ್ಕ ಇಟ್ಟು ಉಳಿಸೋದು) ಅಂತ ಸೆಟ್ ಆಗಿದ್ಯಾ ನೋಡಿ, ಆಗಿದ್ರೆ ಡೌನ್‌ಲೋಡ್ ಶುರುನೇ ಆಗದೆ ಇರಬಹುದು. ಮತ್ತೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ, ಯಾಕಂದ್ರೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅನ್ನೋದು ಅರ್ಧ ನಿದ್ದೆ ಅಷ್ಟೇ.

ಇಷ್ಟಾದ್ರೂ ಆಗ್ಲಿಲ್ವಾ, ಡೌನ್‌ಲೋಡ್ ಆಗಿರೋ ಫೈಲೇ ಕೆಟ್ಟಿರಬಹುದು. ಸರ್ವೀಸಸ್ ಅಂತ ಸರ್ಚ್ ಮಾಡಿ, ವಿಂಡೋಸ್ ಅಪ್ಡೇಟ್ ಮತ್ತೆ ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಎರಡನ್ನೂ ಸ್ಟಾಪ್ ಮಾಡಿ, ಸಿ ಡ್ರೈವಲ್ಲಿ ವಿಂಡೋಸ್ ಫೋಲ್ಡರ್ ಒಳಗಿರೋ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಾಯಿಸಿ, ರೀಸ್ಟಾರ್ಟ್. ವಿಂಡೋಸ್ ಹೊಸ ಫೋಲ್ಡರ್ ತಾನೇ ಮಾಡ್ಕೊಳ್ಳತ್ತೆ. ಅಪ್ಡೇಟ್ ಹಿಸ್ಟರಿ ಖಾಲಿ ಕಾಣತ್ತೆ, ಗಾಬರಿ ಬೇಡ, ಹಾಕಿರೋ ಅಪ್ಡೇಟ್ ಎಲ್ಲೂ ಹೋಗಿರಲ್ಲ.

ವಿಂಡೋಸ್ ಫೈಲ್‌ಗಳೇ ಕೆಟ್ಟಿದ್ರೆ ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆಗೀರಿ. ಫೋನಲ್ಲಿ ಹೇಳೋ ಹಾಗೆ ಹೇಳ್ತೀನಿ: ಡಿ ಐ ಎಸ್ ಎಮ್, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಮಧ್ಯದಲ್ಲಿ ನಿಂತೇಹೋಯ್ತು ಅನ್ಸತ್ತೆ, ಕ್ಲೋಸ್ ಮಾಡ್ಬೇಡಿ, ಕಾಫಿ ಕುಡ್ಕೊಂಡು ಬನ್ನಿ. ಅದು ಮುಗಿದ ಮೇಲೆ ಎಸ್ ಎಫ್ ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಇದೇ ಆರ್ಡರಲ್ಲಿ, ಯಾಕಂದ್ರೆ ಎರಡನೇದು ಒಳ್ಳೇ ಫೈಲ್ ತೆಕ್ಕೊಳ್ಳೋದೇ ಮೊದಲನೇದು ಸರಿ ಮಾಡಿಟ್ಟ ಗೋಡೌನಿಂದ.

ಇದ್ಯಾವುದಕ್ಕೂ ಬಗ್ಗದೇ ಇರೋ ಕೇಸೂ ಇವೆ. 2024ರ ಜನವರಿಯ ಕೆಬಿ5034441 ನೆನಪಿರಬಹುದು, ವಿಂಡೋಸ್ 10ರಲ್ಲಿ ಎಷ್ಟೋ ಜನರಿಗೆ 80070643 ಅಂತ ಫೇಲ್ ಆಯ್ತು. ಕೆಟ್ಟಿದ್ದು ಏನೂ ಇರ್ಲಿಲ್ಲ, ವಿಂಡೋಸ್ ಕೆಟ್ಟಾಗ ಸರಿಮಾಡೋಕೆ ಅಂತ ಡಿಸ್ಕಲ್ಲಿ ಎತ್ತಿಟ್ಟಿರೋ ಭಾಗದಲ್ಲಿ, ಅಂದ್ರೆ ರಿಕವರಿ ಪಾರ್ಟಿಶನಲ್ಲಿ, 250 ಎಂಬಿ ಖಾಲಿ ಬೇಕಿತ್ತು, ಅಷ್ಟು ಇರ್ಲಿಲ್ಲ, ಅಷ್ಟೇ. ಅದು ಮುಚ್ಚೋಕೆ ಬಂದಿದ್ದು ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ದಾಟಿ ಒಳಗೆ ಹೋಗೋ ತೂತನ್ನ, ಅದೂ ಮಷೀನ್ ಕೈಗೆ ಸಿಕ್ಕವರಿಗೆ ಮಾತ್ರ. ಮನೇಲಿ ಬಿಟ್‌ಲಾಕರೇ ಇಲ್ದಿದ್ರೆ ಅದಕ್ಕೋಸ್ಕರ ಪಾರ್ಟಿಶನ್ ಕೆದಕೋದು ಬೇಡ ಅಂತ ನನ್ನ ಅಭಿಪ್ರಾಯ. ಕೆದಕೋದೇ ಆದ್ರೆ ಬ್ಯಾಕಪ್ ತೆಕ್ಕೊಂಡು, ಬಿಟ್‌ಲಾಕರ್ ಇರೋರು ರಿಕವರಿ ಕೀ ಪೇಪರಲ್ಲಿ ಬರ್ಕೊಂಡು ಆಮೇಲೆ.

ಇನ್ನು ವಿಂಡೋಸ್ 10 ಇಟ್ಕೊಂಡಿರೋರಿಗೆ: ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್ಡೇಟ್ಸ್ ಸ್ಕೀಮಿಗೆ ಸೇರಿಲ್ದೇ ಇದ್ರೆ ತಿಂಗಳ ಸೆಕ್ಯುರಿಟಿ ಪ್ಯಾಚ್ ಬರೋದೇ ಇಲ್ಲ, ಅದು ಫೇಲ್ ಅಲ್ಲ, ಎಷ್ಟು ರಿಪೇರಿ ಮಾಡಿದ್ರೂ ಬರಲ್ಲ. ಸೇರೋಕೆ ಮೊದ್ಲು 22ಎಚ್2 ವರ್ಷನ್ ಇರ್ಬೇಕು, ವಿಂಡೋಸ್ ಕೀ ಜೊತೆ ಆರ್ ಒತ್ತಿದ್ರೆ ಬರೋ ರನ್ ಬಾಕ್ಸಲ್ಲಿ ವಿನ್‌ವರ್ ಅಂತ ಹೊಡೆದ್ರೆ ಗೊತ್ತಾಗತ್ತೆ. ಮಾವಂದು ಇನ್ನೂ 21ಎಚ್2ರಲ್ಲೇ ಇತ್ತು, 22ಎಚ್2 ಇಳೀಲಿ ಅಂತ ಸೆಲ್ ಹಾಕಿದ ದಿನಾನೇ ರಾತ್ರಿ ಪೂರ್ತಿ ಆನ್ ಇಟ್ಟು ಮಲ್ಕೊಳ್ಳಿ, ಇವತ್ತೊಂದಿನ ಗೋಡೆ ಸ್ವಿಚ್ ಮುಟ್ಬೇಡಿ ಅಂತ ಎರಡು ಸಲ ಹೇಳಿದೆ.