ಕೆಮ್ಮು ಎಣಿಸಿ ಭಾಷಣ ಅಳೆದೆ

ಭಾಷಣ ನಾಟಿತಾ ಇಲ್ವಾ ಅಂತ ತಿಳಿಯಲು ನಾನು ಸಭೆಯ ಕೆಮ್ಮು ಎಣಿಸುತ್ತೇನೆ: ಕೆಮ್ಮು ಕಡಿಮೆಯಾದಷ್ಟೂ ಮಾತು ನಾಟಿದೆ ಅಂತ ಲೆಕ್ಕ. ಇದನ್ನು ಮೊದಲು ಹೇಳಿದಾಗ ಸ್ಟಾಫ್ ರೂಮೇ ನಕ್ಕಿತ್ತು. "ಮೇಷ್ಟ್ರೇ, ನೀವು ಡಾಕ್ಟರ್ ಆಗಬೇಕಿತ್ತು" ಅಂದವರೂ ಇದ್ದಾರೆ. ಈ ವರ್ಷ ನಮ್ಮ ಕಾಲೇಜಿನ ಹುಡುಗಿ ಅಂತರ ಕಾಲೇಜು ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಳು. ಈಗ ನಕ್ಕವರೇ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಗಾದೆ ಎಷ್ಟು, ವಚನ ಎಷ್ಟು ಅಂತ ಬಣ್ಣದ ಪೆನ್ನಲ್ಲಿ ಗೆರೆ ಎಳೆದವನೇ. ಎರಡು ವರ್ಷ ದಂಡ. ಮಕ್ಕಳು ವಚನ ತುರುಕಿದರು, ಸಭೆ ಆಕಳಿಸಿತು. ಆಮೇಲೆ ವಿವೇಕಾನಂದರ ಚಿಕಾಗೋ ಭಾಷಣದ 'ಮೂಲ ಧ್ವನಿ' ಅಂತ ಮೊಬೈಲಿಗೆ ಬಂದ ಆಡಿಯೋ ಹಿಡಿದು, ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಂಡರು ಅಂತ ವಾರವಿಡೀ ಗುರುತು ಹಾಕಿದೆ. 1893ರ ಆ ಭಾಷಣದ ಅಸಲಿ ರೆಕಾರ್ಡಿಂಗೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಯಾರೋ ಓದಿದವರ ಉಸಿರು ಅಳೆದಿದ್ದೆ!

ದಾರಿ ಸಿಕ್ಕಿದ್ದು ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ 'ನನಗೊಂದು ಕನಸಿದೆ' ಭಾಷಣದಿಂದ. 1963ರ ಆಗಸ್ಟ್ 28, ವಾಷಿಂಗ್ಟನ್, ಸುಮಾರು 17 ನಿಮಿಷ. ಶುರುವಿನ ಬಹುಪಾಲು ಬರೆದುಕೊಂಡು ಬಂದದ್ದೇ. ಹಿಂದಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ವಿಷಯ ಹೇಳು ಅಂತ ಕೂಗಿದರು. ಹಾಳೆಯಲ್ಲಿ ಇಲ್ಲದ ಆ ಕನಸಿನ ಮಾತು ಬಂದದ್ದು ಆಗ. ಆ ರೆಕಾರ್ಡಿಂಗಿನಲ್ಲಿ ಹತ್ತು ಸಲ ಕಿಂಗ್ ಅವರ ದನಿಯನ್ನೇ ಕೇಳಿದ್ದೆ. ಹನ್ನೊಂದನೇ ಸಲ ಬರೀ ಜನರ ದನಿ ಕೇಳಿದೆ. ಮೈಕನ್ನು ಸಭೆಯ ಕಡೆ ತಿರುಗಿಸಬೇಕು ಅಂತ ಹೊಳೆದದ್ದು ಆವಾಗಲೇ.

ಆರೂವರೆ ಸಾವಿರ ಕೊಟ್ಟು ರೆಕಾರ್ಡರ್ ತಂದೆ. ಫ್ಯಾನ್ ಕೆಳಗೆ ಇಟ್ಟು ಒಂದು ಗಂಟೆ ಗರಗರ ತುಂಬಿಸಿಕೊಂಡೆ. ಕಾಲರ್ ಮೈಕಿಗೆ ಇನ್ನೊಂದು ಎಂಟುನೂರು ಹೋಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಮನೆಯ ಹಳೇ ಮೊಬೈಲು, ಹಿಂದಿನಿಂದ ಮೂರನೇ ಸಾಲಿನ ಕುರ್ಚಿಯ ಕೆಳಗೆ. ಮುಂದಿನ ಸಾಲು ಬೇಡ, ಅಲ್ಲಿ ಕೂತವರು ಮರ್ಯಾದೆಗೆ ಕೆಮ್ಮು ನುಂಗುತ್ತಾರೆ. ಚಪ್ಪಾಳೆಯನ್ನಂತೂ ನಂಬಲೇಬೇಡಿ, ಅದು ಮುಯ್ಯಿ ಇದ್ದ ಹಾಗೆ.

ನಲವತ್ತರ ಹತ್ತಿರ ಭಾಷಣ ಅಳೆದಿರಬೇಕು. "ವೇದಿಕೆಯ ಮೇಲಿರುವ ಗಣ್ಯರೇ" ಅಂತ ಹೆಸರಿನ ಪಟ್ಟಿ ಓದುವ ಒಂದೂವರೆ ನಿಮಿಷದಲ್ಲೇ ಒಂಬತ್ತು ಹತ್ತು ಕೆಮ್ಮು. ಅದೇ ಹುಡುಗಿ, ಅದೇ ಮಾತು, ಪಟ್ಟಿ ಮಾತ್ರ ಕಿತ್ತು ಬೇರೆ ಸೆಕ್ಷನ್ನಿನಲ್ಲಿ ಹೇಳಿಸಿದೆ. ಒಟ್ಟು ಲೆಕ್ಕ ಅರ್ಧಕ್ಕಿಳಿಯಿತು. ಭಾಷಣದಲ್ಲಿ ಒಂದರ ಹಿಂದೆ ಒಂದು ಮೂರು ಅಂಕಿ ಬಂದರೆ ಕುರ್ಚಿ ಕಿರ್ ಅನ್ನುತ್ತದೆ, ಬೇಕಾದರೆ ನೀವೇ ನೋಡಿ.

ಊಟದ ನಂತರದ ಭಾಷಣವನ್ನೂ ಸುಮ್ನೆ ಅಳೆದು ನೋಡಿದೆ. ಮೊಸರನ್ನದ ಮುಂದೆ ಯಾರ ಆಟವೂ ನಡೆಯಲ್ಲ. ಡಿಸೆಂಬರ್, ಜನವರಿ ಲೆಕ್ಕ ಬಿಟ್ಟುಬಿಡಿ, ಊರಿಗೆಲ್ಲ ನೆಗಡಿ.

ಕೆಮ್ಮು ಬಂದ ಜಾಗ ಗೊತ್ತಾದ ಮೇಲೆ ಅಲ್ಲಿ ಏನು ಸೇರಿಸುತ್ತೇನೆ ಅನ್ನುವುದನ್ನು ಬರೆಯಲ್ಲ. ಮುಂದಿನ ವರ್ಷವೂ ಸ್ಪರ್ಧೆ ಇದೆ ಅಲ್ವಾ? ಗೆದ್ದ ಭಾಷಣದ ಲೆಕ್ಕ ಮಾತ್ರ ಹೇಳುತ್ತೇನೆ: ಆರು ನಿಮಿಷಕ್ಕೆ ಎರಡೇ ಕೆಮ್ಮು. ಅದರಲ್ಲೊಂದು ನನ್ನದೇ.