ಕಂಟ್ರೋಲರ್ ಕೆಟ್ಟರೂ ಮೀನು ಬದುಕಬೇಕು

ಮೀನಿನ ತೊಟ್ಟಿಗೆ ಕಂಟ್ರೋಲರ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಅದು ಏನೇನು ಮಾಡಬೇಕು ಅಂತ ಮೊದಲು ಪಟ್ಟಿ ಮಾಡುತ್ತಾರೆ. ಲೈಟ್ ಹಾಕಬೇಕು, ಹೀಟರ್ ನೋಡಿಕೊಳ್ಳಬೇಕು, ಆವಿಯಾದಷ್ಟು ನೀರು ತುಂಬಬೇಕು, ಫೋನಿನಲ್ಲಿ ತಾಪಮಾನ ಕಾಣಬೇಕು. ನಾನು ಬೇರೆ ಪಟ್ಟಿಯಿಂದ ಶುರು ಮಾಡಿದೆ. ಬೋರ್ಡ್ ಸುಟ್ಟುಹೋದರೆ? ಸೆನ್ಸರ್ ವೈರ್ ಕಿತ್ತುಬಂದರೆ? ಬೋರ್ಡ್ ಹೇಳಿದಂತೆ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡರೆ? ಇಂಟರ್ನೆಟ್ ಹೋದರೆ? ಒಂದೊಂದರ ಮುಂದೆಯೂ ಕೇಳಿಕೊಂಡದ್ದು, ಆಗ ಮೀನಿನ ಗತಿ ಏನು ಅಂತ. ಉತ್ತರ ಕೆಟ್ಟದಾಗಿ ಬಂದ ಕಡೆಯೆಲ್ಲ ವೈರಿಂಗ್ ಬದಲಾಯಿಸಿದೆ. ಪ್ರೋಗ್ರಾಂ ಬರೆಯಲು ಕೂತದ್ದು ಆಮೇಲೆ.

ಸಾಮಾನು ಜಾಸ್ತಿ ಏನಿಲ್ಲ. ಪ್ರೋಗ್ರಾಂ ಓಡಿಸಲು ಇಎಸ್‌ಪಿ32 ಬೋರ್ಡ್, ತಾಪಮಾನಕ್ಕೆ ಡಿಎಸ್18ಬಿ20 ಸೆನ್ಸರ್, ಸಮಯಕ್ಕೆ ಡಿಎಸ್3231 ಮಾಡ್ಯೂಲ್, ನೀರಿನ ಮಟ್ಟಕ್ಕೆ ಎರಡು ಫ್ಲೋಟ್ ಸ್ವಿಚ್, ರಿಲೇ ಬೋರ್ಡ್, ಕೂಗೋಕೆ ಒಂದು ಬಜರ್. ಮೇನ್ಸ್ ಕರೆಂಟ್ ಬರುವ ಜಾಗದಲ್ಲಿ, ಕರೆಂಟ್ ಸೋರಿದರೆ ತಟ್ಟನೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಇದೊಂದು ಇಲ್ಲದೆ ದಯವಿಟ್ಟು ಯಾರೂ ನೀರಿನ ಹತ್ತಿರ ಈ ಕೆಲಸಕ್ಕೆ ಕೈ ಹಾಕಬೇಡಿ. ಮೇನ್ಸ್ ವೈರಿಂಗ್ ಅಭ್ಯಾಸವಿಲ್ಲದಿದ್ದರೆ ಆ ಭಾಗವನ್ನು ಗೊತ್ತಿರುವವರ ಕೈಲಿ ಮಾಡಿಸಿಕೊಳ್ಳಿ.

ರಿಲೇಯಲ್ಲಿ ಮೂರು ಸ್ಕ್ರೂ ಇರುತ್ತವೆ: ಕಾಮನ್, ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್. ಫಿಲ್ಟರ್ ಮತ್ತು ಏರ್ ಪಂಪನ್ನು ನಾರ್ಮಲಿ ಕ್ಲೋಸ್ಡ್‌ಗೆ ಕೊಟ್ಟೆ. ರಿಲೇ ಸುಮ್ನೆ ಇದ್ದಾಗ ಆ ಸಂಪರ್ಕ ಕೂಡಿಯೇ ಇರುತ್ತದೆ. ಹಾಗಾಗಿ ಬೋರ್ಡ್ ಪೂರ್ತಿ ಸತ್ತರೂ ಫಿಲ್ಟರ್ ಓಡುತ್ತಲೇ ಇರುತ್ತದೆ. ಮೀನಿಗೆ ತಿಂಡಿ ಹಾಕುವ ಹತ್ತು ನಿಮಿಷ ಮಾತ್ರ ಕಂಟ್ರೋಲರ್ ಅದನ್ನು ನಿಲ್ಲಿಸುತ್ತದೆ. ಫಿಲ್ಟರ್ ಬಹಳ ಹೊತ್ತು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಇರುತ್ತವಲ್ಲ, ಅವೂ ಸಾಯತೊಡಗುತ್ತವೆ. ಹೀಟರ್, ಲೈಟ್, ನೀರು ತುಂಬುವ ಪಂಪ್ ಮೂರಕ್ಕೂ ನಾರ್ಮಲಿ ಓಪನ್. ಕಂಟ್ರೋಲರ್ ಹೇಳದೆ ಇವು ಚಾಲೂ ಆಗಬಾರದು.

ಹೀಟರ್‌ಗೆ ಇಷ್ಟು ಸಾಲದು. ರಿಲೇ ಒಳಗಿನ ಸಂಪರ್ಕ ಪ್ರತಿ ಸಲ ತೆರೆದು ಮುಚ್ಚುವಾಗ ಕಿಡಿ ಬರುತ್ತದೆ. ದಿನಗಳೆದಂತೆ ಆ ಲೋಹ ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಪ್ರೋಗ್ರಾಂ ಎಷ್ಟೇ ಆಫ್ ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಸಾಲಿಡ್ ಸ್ಟೇಟ್ ರಿಲೇ ಹಾಕಿದರೆ ಈ ತಾಪತ್ರಯ ಇಲ್ಲ ಅಂತ ಕೆಲವರು ಹೇಳುತ್ತಾರೆ. ಆದರೆ ಅದು ಕೆಟ್ಟಾಗಲೂ ಸಾಮಾನ್ಯವಾಗಿ ಆನ್ ಆಗಿಯೇ ಉಳಿದುಬಿಡುತ್ತದೆ. ಅದಕ್ಕೇ ನಾನು ಹೀಟರಿನ ಸ್ವಂತ ಥರ್ಮೋಸ್ಟಾಟ್ ಹಾಗೇ ಉಳಿಸಿಕೊಂಡೆ. ಕಂಟ್ರೋಲರ್ 25.5ಕ್ಕೆ ಆನ್ ಮಾಡಿ 26 ಡಿಗ್ರಿಗೆ ಆಫ್ ಮಾಡುತ್ತದೆ. ಹೀಟರಿನ ತಿರುಗಣೆ 28ರಲ್ಲಿ ಕೂತಿದೆ. ರಿಲೇ ಅಂಟಿಕೊಂಡರೆ ನೀರು 28ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ಬಜರ್ ಕೂಗುತ್ತಿರುತ್ತದೆ. ಆನ್ ಆಫ್ ನಡುವಿನ ಆ ಅರ್ಧ ಡಿಗ್ರಿ ಅಂತರವೂ ಬೇಕೇ ಬೇಕು. ಇಲ್ಲದಿದ್ದರೆ ರಿಲೇ ನಿಮಿಷಕ್ಕೊಮ್ಮೆ ಟಕ್ ಟಕ್ ಅಂದು ಬೇಗ ಸವೆಯುತ್ತದೆ.

ಡಿಎಸ್18ಬಿ20 ಒಳ್ಳೆಯ ಸೆನ್ಸರ್. ಡೇಟಾ ವೈರಿಗೂ ಪವರ್ ವೈರಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಸಾಕು, ಕೆಲಸ ಶುರು ಮಾಡುತ್ತದೆ. ಆದರೆ ಅದರಿಂದ ಬರುವ ಎರಡು ಅಂಕಿಗಳನ್ನು ಮಾತ್ರ ನಂಬಬಾರದು. ಒಂದು 85. ಪವರ್ ಬಂದ ಮೇಲೆ ಒಮ್ಮೆಯೂ ಅಳತೆ ಮಾಡದಿದ್ದಾಗ ಸೆನ್ಸರ್ ಒಳಗೆ ಇರುವ ಅಂಕಿ ಅದು. ಇನ್ನೊಂದು ಮೈನಸ್ 127. ಸೆನ್ಸರ್ ಸಿಗಲಿಲ್ಲ ಅಂತ ಲೈಬ್ರರಿ, ಅಂದರೆ ಸೆನ್ಸರ್ ಓದಲು ಬಳಸುವ ಸಿದ್ಧ ಕೋಡ್, ಹೇಳುವ ರೀತಿ ಅದು. ಈಗ ಯೋಚನೆ ಮಾಡಿ. ವೈರ್ ಕಿತ್ತುಬಂತು, ಮೈನಸ್ 127 ಬಂತು, ಪ್ರೋಗ್ರಾಂ ಅದನ್ನು 25.5ಕ್ಕೆ ಹೋಲಿಸಿತು. ನೀರು ತುಂಬಾ ತಣ್ಣಗಿದೆ ಅಂತ ಹೀಟರ್ ಹಾಕಿತು. ಇನ್ನು ಆಫ್ ಮಾಡುವುದೇ ಇಲ್ಲ! ಹಾಗಾಗಿ 10ಕ್ಕಿಂತ ಕಡಿಮೆ ಅಥವಾ 40ಕ್ಕಿಂತ ಜಾಸ್ತಿ ಬಂದ ಯಾವ ಅಂಕಿಯನ್ನೂ ನನ್ನ ಪ್ರೋಗ್ರಾಂ ತೆಗೆದುಕೊಳ್ಳುವುದಿಲ್ಲ. ಅರ್ಧ ನಿಮಿಷ ಸರಿಯಾದ ಅಂಕಿ ಬರದಿದ್ದರೆ ಹೀಟರ್ ಆಫ್, ಬಜರ್ ಆನ್.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೆನ್ಸರ್ ಜಾರಿ ನೀರಿನಿಂದ ಹೊರಗೆ ಬಂದರೆ? ಸೆನ್ಸರ್ ಚೆನ್ನಾಗಿಯೇ ಇದೆ, ಅಂಕಿಯೂ ಸಹಜವಾಗಿಯೇ ಇದೆ, ಆದರೆ ಅಳೆಯುತ್ತಿರುವುದು ಕೋಣೆಯ ಗಾಳಿಯನ್ನು. ಅಂಕಿಯ ಮಿತಿ ಹಾಕಿ ಇದನ್ನು ಹಿಡಿಯಲಾಗದು. ನಾನು ಹಾಕಿದ ಪರೀಕ್ಷೆ ಇದು: ಹೀಟರ್ ಬಹಳ ಹೊತ್ತು ಆನ್ ಇದ್ದೂ ಅಳತೆ ಒಂದಿಷ್ಟೂ ಏರದಿದ್ದರೆ ಎಲ್ಲೋ ಏನೋ ಸರಿಯಿಲ್ಲ. ಆಫ್ ಮಾಡಿ ಕೂಗು. ಹೀಟರ್ ಸುಟ್ಟುಹೋದದ್ದನ್ನೂ ಇದೇ ಪರೀಕ್ಷೆ ಹಿಡಿಯುತ್ತದೆ. ಎಷ್ಟು ಹೊತ್ತು ಅನ್ನೋದು ತೊಟ್ಟಿ ಮತ್ತು ಹೀಟರಿನ ಅಳತೆಯ ಮೇಲೆ ನಿಂತಿದೆ. ನೀವೇ ಒಮ್ಮೆ ಕೂತು ನೋಡಿ, ಅದರ ಎರಡರಷ್ಟು ಇಟ್ಟುಕೊಳ್ಳಿ.

ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೋರ್ಡ್ ತನ್ನಷ್ಟಕ್ಕೆ ರೀಸೆಟ್ ಆಗುತ್ತಿದ್ದದ್ದು. ದಿನವಿಡೀ ಸರಿಯಾಗಿರುತ್ತಿತ್ತು, ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾಗುತ್ತಿತ್ತು. ಇಂಥ ಕಡೆ ಊಹೆ ಮಾಡುತ್ತಾ ಕೂರುವುದಕ್ಕಿಂತ ಬೋರ್ಡನ್ನೇ ಕೇಳುವುದು ಒಳ್ಳೆಯದು. ಇಎಸ್‌ಪಿ32 ಎದ್ದಾಗ ಹಿಂದಿನ ಸಲ ಯಾಕೆ ಬಿದ್ದೆ ಅಂತ ಹೇಳಬಲ್ಲದು. ವೋಲ್ಟೇಜ್ ಕುಸಿದದ್ದೋ, ಸಿಕ್ಕಿಕೊಂಡ ಪ್ರೋಗ್ರಾಂ ಅನ್ನು ಮತ್ತೆ ಶುರು ಮಾಡುವ ವಾಚ್‌ಡಾಗ್ ಎಬ್ಬಿಸಿದ್ದೋ, ಪ್ರೋಗ್ರಾಂ ಮುಗ್ಗರಿಸಿದ್ದೋ ಗೊತ್ತಾಗುತ್ತದೆ. ಆ ಕಾರಣವನ್ನೂ ಸಮಯವನ್ನೂ ಬರೆದಿಡುವಂತೆ ಮಾಡಿದೆ. ಒಂದೊಂದು ಸಲ ಒಂದೊಂದು ಕಾರಣ. ಆದರೆ ಸಮಯ ನೋಡಿದಾಗ ಒಂದು ಎಳೆ ಸಿಕ್ಕಿತು. ರೀಸೆಟ್‌ಗಳೆಲ್ಲ ತಿಂಡಿ ಹಾಕುವ ಹೊತ್ತಿಗೆ, ಅಂದರೆ ಫಿಲ್ಟರ್ ಪಂಪ್ ಆಫ್ ಆಗುವ ಕ್ಷಣಕ್ಕೆ ಹತ್ತಿರ ಇದ್ದವು.

ಪಂಪಿನ ಪ್ಲಗ್ ತೆಗೆದು ಖಾಲಿ ರಿಲೇಯನ್ನೇ ಮತ್ತೆ ಮತ್ತೆ ಆನ್ ಆಫ್ ಮಾಡಿಸಿದೆ. ಏನೂ ಆಗಲಿಲ್ಲ. ಅದೇ ಜಾಗಕ್ಕೆ ಹಳೇ ಫಿಲಮೆಂಟ್ ಬಲ್ಬ್ ಹಾಕಿದೆ. ಆಗಲೂ ಏನೂ ಇಲ್ಲ. ಪಂಪ್ ವಾಪಸ್ ಹಾಕಿದ ಸ್ವಲ್ಪ ಹೊತ್ತಿಗೆ ಬೋರ್ಡ್ ಬಿತ್ತು. ರಿಲೇ ಕಾಯಿಲ್, ಪವರ್ ಸಪ್ಲೈ ಎರಡರ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು. ಪಂಪಿನೊಳಗೆ ಇರುವುದು ಸುರುಳಿ. ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ಕಡಿದಾಗ ಸುರುಳಿಯಲ್ಲಿ ಉಳಿದ ಶಕ್ತಿ ರಿಲೇ ಸಂಪರ್ಕದಲ್ಲಿ ಕಿಡಿಯಾಗಿ ಹಾರುತ್ತದೆ. ಆ ಕಿಡಿಯ ಗದ್ದಲವನ್ನು ಪಕ್ಕದಲ್ಲಿರುವ ಉದ್ದನೆಯ ಸೆನ್ಸರ್ ವೈರ್ ಆಂಟೆನಾದಂತೆ ಹಿಡಿದು ಬೋರ್ಡಿನೊಳಕ್ಕೆ ತರುತ್ತದೆ.

ಪರಿಹಾರಕ್ಕೆ ಪಂಪಿನ ಎರಡು ವೈರ್‌ಗಳ ನಡುವೆ ಆ ಕಿಡಿಯನ್ನು ತಗ್ಗಿಸುವ ಸ್ನಬರ್ ಹಾಕಿದೆ. 100 ಓಮ್ ರೆಸಿಸ್ಟರ್, ಅದರ ಜೊತೆ ಸೀರಿಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ಮೇಲೆ ಎಕ್ಸ್2 ಅಂತ ಇರಲೇಬೇಕು. ಮೇನ್ಸ್ ವೋಲ್ಟೇಜಿಗೆ ಅಡ್ಡಲಾಗಿ ಕೂರಿಸಲೆಂದೇ ಮಾಡಿದ ಬಗೆ ಅದು, ಸಾದಾ ಕೆಪಾಸಿಟರ್ ಅಲ್ಲಿ ಹಾಕಬಾರದು. ಸ್ನಬರನ್ನು ರಿಲೇ ಸಂಪರ್ಕಕ್ಕೆ ಅಡ್ಡಲಾಗಿಯೂ ಹಾಕುತ್ತಾರೆ, ಕೆಲಸವೂ ಮಾಡುತ್ತದೆ. ಆದರೆ ಅದರ ಮೂಲಕ ಸ್ವಲ್ಪ ಕರೆಂಟ್ ಸೋರುತ್ತದೆ. ಎಲ್‌ಇಡಿ ಲೈಟಿನ ರಿಲೇಗೆ ಹಾಗೆ ಮಾಡಿದರೆ ರಾತ್ರಿಯೂ ಲೈಟ್ ಮಂದವಾಗಿ ಉರಿಯಬಹುದು. ಜೊತೆಗೆ ಮೇನ್ಸ್ ವೈರನ್ನು ಪೆಟ್ಟಿಗೆಯ ಒಂದು ಬದಿಗೆ, ಸೆನ್ಸರ್ ವೈರನ್ನು ಇನ್ನೊಂದು ಬದಿಗೆ ಸರಿಸಿದೆ. ದಾಟಲೇಬೇಕಾದ ಒಂದು ಕಡೆ ನೇರವಾಗಿ ಅಡ್ಡ ದಾಟಿಸಿದೆ. ರಿಲೇ ಬೋರ್ಡಿಗೆ ಬೇರೆಯೇ 5 ವೋಲ್ಟ್ ಸಪ್ಲೈ ಕೊಟ್ಟೆ. ರೀಸೆಟ್ ನಿಂತಿತು.

ರಿಲೇ ಬಗ್ಗೆಯೇ ಇನ್ನೊಂದು ಮಾತು. ಬಹಳಷ್ಟು ರಿಲೇ ಬೋರ್ಡ್‌ಗಳು ಪಿನ್ನಿನ ವೋಲ್ಟೇಜ್ ಕೆಳಗಿಳಿದಾಗ ಆನ್ ಆಗುತ್ತವೆ. ಇಎಸ್‌ಪಿ32 ಏಳುವ ಕ್ಷಣದಲ್ಲಿ ಪಿನ್‌ಗಳು ಎತ್ತಲೂ ಇಲ್ಲದ ಸ್ಥಿತಿಯಲ್ಲಿರುತ್ತವೆ, ಕೆಲವು ಮೇಲೆ ಕೆಳಗೆ ಆಡುತ್ತವೆ. ಅಷ್ಟರಲ್ಲಿ ರಿಲೇ ಒಮ್ಮೆ ಟಕ್ ಅನ್ನುತ್ತದೆ. ಪಿನ್ನಿಗೆ ಅದರ ವೋಲ್ಟೇಜನ್ನು ಮೇಲೆಯೇ ಹಿಡಿದಿಡುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಹಾಕಿದರೆ ಅದು ನಿಲ್ಲುತ್ತದೆ, ಆದರೆ 12ನೇ ಪಿನ್ನಿಗೆ ಮಾತ್ರ ಹಾಕಬೇಡಿ. ಏಳುವಾಗ ಆ ಪಿನ್ ಮೇಲಿದ್ದರೆ ಫ್ಲಾಶ್ ಮೆಮೊರಿಗೆ ತಪ್ಪು ವೋಲ್ಟೇಜ್ ಹೋಗಿ ಬೋರ್ಡ್ ಏಳುವುದೇ ಇಲ್ಲ. ನಾನು 25, 26, 27, 32, 33 ಬಳಸಿದೆ. ಯಾವ ತೊಂದರೆಯೂ ಬರಲಿಲ್ಲ.

ನೀರು ತುಂಬುವ ಭಾಗ ನೋಡಲು ಸುಲಭ, ಕೆಟ್ಟರೆ ಮನೆಯೆಲ್ಲ ನೀರು. ಫ್ಲೋಟ್ ಸ್ವಿಚ್ ಅಂದರೆ ಒಳಗೆ ಆಯಸ್ಕಾಂತಕ್ಕೆ ತೆರೆದು ಮುಚ್ಚುವ ಒಂದು ರೀಡ್ ಸ್ವಿಚ್, ತೇಲುವ ಉಂಗುರದಲ್ಲಿ ಆಯಸ್ಕಾಂತ. ನೀರು ಇಳಿದರೆ ಉಂಗುರ ಇಳಿಯುತ್ತದೆ, ಪಂಪ್ ಓಡುತ್ತದೆ. ಫಿಲ್ಟರಿನ ಅಲೆಗೆ ಉಂಗುರ ಕುಣಿಯುತ್ತಾ ಇರುತ್ತದೆ, ಅದಕ್ಕೆ ಹತ್ತು ಸೆಕೆಂಡ್ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ನಂಬುವಂತೆ ಮಾಡಿದೆ. ಆದರೆ ಉಂಗುರವೇ ಸಿಕ್ಕಿಕೊಂಡರೆ? ಪಾಚಿ ಬೆಳೆದು ಸಿಕ್ಕಿಕೊಳ್ಳುತ್ತದೆ. ಬಸವನಹುಳು ಬಂದು ಅದರ ಮೇಲೆ ಕೂತರೂ ಅಷ್ಟೇ, ಉಂಗುರ ಮೇಲೇಳುವುದಿಲ್ಲ, ಪಂಪ್ ನಿಲ್ಲುವುದಿಲ್ಲ.

ಅದಕ್ಕಾಗಿ ಸ್ವಲ್ಪ ಮೇಲೆ ಎರಡನೇ ಫ್ಲೋಟ್ ಸ್ವಿಚ್ ಇಟ್ಟೆ. ಇದು ಪ್ರೋಗ್ರಾಂ ತನಕ ಹೋಗುವುದೇ ಇಲ್ಲ. ಪಂಪ್ 12 ವೋಲ್ಟಿನದು, ಅದರ ವೈರಿನಲ್ಲೇ ಈ ಸ್ವಿಚ್ ಸೀರಿಸ್‌ನಲ್ಲಿದೆ. ನೀರು ಅಲ್ಲಿಗೆ ಮುಟ್ಟಿದರೆ ಪಂಪಿಗೆ ಕರೆಂಟ್ ಕಡಿಯುತ್ತದೆ, ಬೋರ್ಡ್ ಏನು ಹೇಳಿದರೂ ಸರಿ. ಪಂಪ್ ಎಳೆಯುವ ಕರೆಂಟ್ ತಡೆಯುವ ಸ್ವಿಚ್ ಆರಿಸಿಕೊಳ್ಳಿ, ರೀಡ್ ಸ್ವಿಚ್‌ಗಳು ನಾಜೂಕು. ಇದರ ಮೇಲೆ ಸಮಯದ ಮಿತಿಯೂ ಇದೆ. ಒಂದು ಲೀಟರ್ ತುಂಬಲು ಪಂಪಿಗೆ ಎಷ್ಟು ಸೆಕೆಂಡ್ ಬೇಕು ಅಂತ ಅಳೆದೆ, ದಿನಕ್ಕೆ ಎಷ್ಟು ಆವಿಯಾಗುತ್ತದೆ ಅಂತ ಗುರುತು ಹಾಕಿ ನೋಡಿದೆ. ಅದರ ಎರಡರಷ್ಟು ಹೊತ್ತು ಓಡಿದರೆ ಪಂಪ್ ಲಾಕ್. ನಾನೇ ಬಂದು ಬಟನ್ ಒತ್ತಬೇಕು.

ಎಲ್ಲಕ್ಕಿಂತ ನನಗೆ ನಂಬಿಕೆ ಇರುವುದು ನೀರಿನ ಕ್ಯಾನಿನ ಮೇಲೆ. ಅದು ಚಿಕ್ಕದು. ಪೂರ್ತಿ ತೊಟ್ಟಿಗೆ ಸುರಿದರೂ ತೊಟ್ಟಿ ಉಕ್ಕುವುದಿಲ್ಲ. ಅದು ಕೆಡುವ ವಸ್ತುವೇ ಅಲ್ಲ ಅಲ್ವಾ? ಕ್ಯಾನ್ ತೊಟ್ಟಿಗಿಂತ ಕೆಳಗಿರಬೇಕು, ಪೈಪಿನ ತುದಿ ತೊಟ್ಟಿಯ ನೀರಿಗಿಂತ ಮೇಲಿರಬೇಕು. ಕ್ಯಾನ್ ಮೇಲಿದ್ದರೆ ಪಂಪ್ ನಿಂತ ಮೇಲೂ ಸೈಫನ್ ಆಗಿ ನೀರು ಹರಿಯುತ್ತಲೇ ಇರುತ್ತದೆ. ಪೈಪಿನ ತುದಿ ಮುಳುಗಿದ್ದರೆ ತೊಟ್ಟಿಯ ನೀರೇ ಹಿಂದಕ್ಕೆ ಕ್ಯಾನಿಗೆ ಬರುತ್ತದೆ. ಸಮುದ್ರದ ಮೀನು ಸಾಕುವವರಿಗೆ ನೀರು ಉಕ್ಕುವುದು ಮಾತ್ರ ಸಮಸ್ಯೆಯಲ್ಲ, ಸಿಹಿನೀರು ಜಾಸ್ತಿ ಬಿದ್ದರೆ ಉಪ್ಪಿನಂಶ ಇಳಿದುಬಿಡುತ್ತದೆ.

ಪೆಟ್ಟಿಗೆಯನ್ನು ತೊಟ್ಟಿಯ ಮುಚ್ಚಳದಿಂದ ದೂರ, ಗೋಡೆಯ ಮೇಲೆ ಇಟ್ಟಿದ್ದೇನೆ. ಮುಚ್ಚಳದ ಹತ್ತಿರ ಸದಾ ತೇವ, ತಾಮ್ರ ಹಸಿರುಗಟ್ಟುತ್ತದೆ. ಒಳಗೆ ಬರುವ ಪ್ರತಿ ವೈರ್ ಮೊದಲು ಕೆಳಗೆ ಬಾಗಿ ಆಮೇಲೆ ಮೇಲೇರಬೇಕು, ವೈರ್ ಹಿಡಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ವೈರ್ ಸಂದಿ ಮುಚ್ಚಲು ಅಕ್ವೇರಿಯಂ ಸಿಲಿಕೋನ್ ಬಳಸಲಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ನ್ಯೂಟ್ರಲ್ ಕ್ಯೂರ್ ಬಗೆ ಬೇಕು.

ಪ್ರೋಗ್ರಾಂನಲ್ಲಿ ನಾನು ಹಿಡಿದ ನಿಯಮ ಒಂದೇ: ಇಂಟರ್ನೆಟ್ ಇರಲಿ ಬಿಡಲಿ, ತೊಟ್ಟಿಯ ಕೆಲಸ ನಿಲ್ಲಬಾರದು. ವೈಫೈ ಸಿಗುವವರೆಗೆ ಕಾಯುತ್ತಾ ನಿಲ್ಲುವ ಕೋಡ್ ಹೀಟರ್ ಆನ್ ಇದ್ದಾಗಲೇ ನಿಂತರೆ ಕಥೆ ಮುಗಿಯಿತು. ನೆಟ್‌ವರ್ಕ್ ಕೆಲಸವನ್ನು ಪ್ರತ್ಯೇಕವಾಗಿ ಓಡುವ ಬೇರೆ ಟಾಸ್ಕ್ ಮಾಡಿದೆ, ಮುಖ್ಯ ಕೆಲಸಕ್ಕೆ ವಾಚ್‌ಡಾಗ್ ಕಟ್ಟಿದೆ. ಸಮಯಕ್ಕೆ ಡಿಎಸ್3231 ಇದೆಯಲ್ಲ, ಕರೆಂಟ್ ಹೋಗಿ ಬಂದರೂ ಲೈಟ್ ಸರಿಯಾದ ಹೊತ್ತಿಗೇ ಬರುತ್ತದೆ. ಸಾಮಾನ್ಯವಾಗಿ ಸಿಗುವ ಆ ಮಾಡ್ಯೂಲ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಸೆಲ್ ಹಾಕುವುದಾದರೆ ಅದರ ಡಯೋಡ್ ಕಿತ್ತುಬಿಡಿ. ಬೋರ್ಡ್ ಎದ್ದಾಗಿನಿಂದ ಇಡುವ ಮಿಲಿಸೆಕೆಂಡ್ ಎಣಿಕೆ ಸುಮಾರು 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದು ಹೋಲಿಸಿದರೆ ಆ ದಿನವೂ ಏನೂ ಆಗುವುದಿಲ್ಲ.

ನೀರಿನ ಆಮ್ಲೀಯತೆ ಅಳೆಯುವ ಪಿಎಚ್ ಪ್ರೋಬ್ ಕೂಡ ಹಾಕಿದ್ದೇನೆ, ಆದರೆ ಅದರ ಕೈಗೆ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಅದು ಕೊಡುವುದು ಸುಮಾರು 59 ಮಿಲಿವೋಲ್ಟ್. ಯಾವುದೋ ಪಂಪಿನಿಂದ ನೀರಿಗೆ ಸೋರುವ ಚೂರು ಕರೆಂಟಿಗೂ ಅಂಕಿ ಜಿಗಿಯುತ್ತದೆ. ಜಿಗಿದಾಗ ಒಂದೊಂದೇ ಪ್ಲಗ್ ತೆಗೆದು ನೋಡಿದರೆ ಯಾವುದು ಸೋರುತ್ತಿದೆ ಅಂತ ತಿಳಿಯುತ್ತದೆ. ಹಾಗೆ ಸಿಕ್ಕಿದ ಪಂಪನ್ನು ಬದಲಾಯಿಸಿಬಿಡಿ. ಗಿಡಗಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡನ್ನು ನಾನು ಲೈಟಿನ ಸಮಯಕ್ಕೆ ಕಟ್ಟಿದ್ದೇನೆ, ಪಿಎಚ್ ಅಂಕಿ ನೋಡಲಷ್ಟೇ.

ತೊಟ್ಟಿಗೆ ಹಾಕುವ ಮೊದಲು ಎಲ್ಲವನ್ನೂ ಬಕೆಟ್ ನೀರಿನಲ್ಲಿ ಓಡಿಸಿದೆ. ಸೆನ್ಸರ್ ವೈರ್ ಕಿತ್ತೆ, ಸೆನ್ಸರನ್ನು ನೀರಿನಿಂದ ಹೊರಗಿಟ್ಟೆ, ಫ್ಲೋಟ್ ಉಂಗುರವನ್ನು ಬೆರಳಲ್ಲಿ ಕೆಳಗೆ ಒತ್ತಿ ಹಿಡಿದೆ, ವೈಫೈ ಆಫ್ ಮಾಡಿದೆ, ಬೋರ್ಡಿನ ಪವರ್ ತೆಗೆದೆ. ಮೇನ್ಸ್ ವೋಲ್ಟೇಜ್ ಇರುವ ವೈರ್ ಮುಟ್ಟುವ ಪರೀಕ್ಷೆಗೆಲ್ಲ ಮೊದಲು ಮೇನ್ಸ್ ಪ್ಲಗ್ ಹೊರಗೆ. ಪ್ರತಿ ಸಲವೂ ಹೀಟರ್ ಆಫ್, ಫಿಲ್ಟರ್ ಆನ್ ಆಗಿ ಉಳಿಯುವ ತನಕ ಮೀನಿನ ಹತ್ತಿರ ಒಯ್ಯಲಿಲ್ಲ. ಈಗಲೂ ನೀರು ಬದಲಾಯಿಸುವಾಗ ಸೆನ್ಸರ್ ಕನೆಕ್ಟರ್ ಎಳೆದು ಬಜರ್ ಕೂಗುತ್ತದಾ ನೋಡುತ್ತೇನೆ, ಫ್ಲೋಟ್ ಉಂಗುರ ತೊಳೆಯುತ್ತೇನೆ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುತ್ತೇನೆ.